ಸಿಂಗಾಪುರಕ್ಕೆ ಹೋಗಿ ಸೊಪ್ಪಿನ ರೇಟು ಕೇಳ್ಕೊಂಡು ಬಂದೆ

ದಿನ 1

ಸಂಕ್ರಾಂತಿ ಮುಗಿದ ಮೇಲೆ ಹೊರಟಿದ್ದು. ಅಕ್ಕನ ಮಗ ಸಿಂಗಾಪುರದಲ್ಲಿ ಕೆಲಸಕ್ಕೆ ಸೇರಿ ಐದು ವರ್ಷ ಆಯ್ತು, ಫೋನ್ ಮಾಡ್ದಾಗೆಲ್ಲ "ಮಾವ, ಇಲ್ಲಿ ಬಿಲ್ಡಿಂಗ್ ಒಳಗೆ ಲೈಟ್ ಹಾಕಿ ಸೊಪ್ಪು ಬೆಳೀತಾರೆ, ನೀವು ಬಂದು ನೋಡ್ಲೇಬೇಕು" ಅಂತಿದ್ದ, ನಾನು ಕಟಾವಿದೆ, ಸಸಿ ನಾಟಬೇಕು, ಮಳೆ ಬರ್ತಿದೆ ಅಂತ ಮುಂದೂಡ್ತಾನೇ ಬಂದಿದ್ದೆ. ಈ ಸಲ ಅವನೇ ಟಿಕೆಟ್ ಕಳಿಸ್ಬಿಟ್ಟ.

ನನ್ನ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ. ಕೋಲಾರದ ಹತ್ರ ಅರ್ಧ ಎಕರೆ ಪಾಲಿಹೌಸ್ ಇದೆ, ಕ್ಯಾಪ್ಸಿಕಂ ಹಾಕ್ತೀನಿ, ಹೊರಗಡೆ ಮೂರು ಎಕರೆ ಟೊಮೇಟೊ. ಎರಡು ವರ್ಷದ ಹಿಂದೆ ಆಟೋಮೇಷನ್ ಅಂತ ಒಂದು ಹಾಕ್ಸಿದ್ದೆ, ಫೋನಲ್ಲೇ ವಾಲ್ವ್ ಆನ್ ಆಫ್ ಮಾಡ್ಬೋದು, ಗೊಬ್ಬರ ಎಷ್ಟು ಹೋಯ್ತು ಅಂತ ಮೆಸೇಜ್ ಬರುತ್ತೆ. ಬರ್ತಿತ್ತು ಅನ್ಬೇಕು. ಮೊದಲ ಆರು ತಿಂಗಳು ಚೆನ್ನಾಗಿತ್ತು, ಆಮೇಲೆ ಬಂದ್ರೆ ಬಂತು ಇಲ್ದಿದ್ರೆ ಇಲ್ಲ, ಹಾಕ್ಕೊಟ್ಟ ಕಂಪನಿಯವ್ರು ಫೋನ್ ಎತ್ತೋದು ನಿಲ್ಲಿಸಿದ್ರು. ಕಂಪನಿ ಹೆಸರು ಬೇಡ ಬಿಡಿ. ಹಾಗಾಗಿ ಡಿಜಿಟಲ್ ಕೃಷಿ ಅಂದ್ರೆ ನನಗೆ ಆಸೆನೂ ಇದೆ, ಹೊಟ್ಟೆಯಲ್ಲಿ ಸ್ವಲ್ಪ ಉರಿನೂ ಇದೆ.

ಬೆಂಗಳೂರಿಂದ ನಾಲ್ಕೂವರೆ ಗಂಟೆ ಫ್ಲೈಟು, ಗಡಿಯಾರ ಎರಡೂವರೆ ಗಂಟೆ ಮುಂದೆ. ಇಡೀ ದೇಶ 735 ಚದರ ಕಿಲೋಮೀಟರ್, ನಮ್ಮ ಕೋಲಾರ ಜಿಲ್ಲೆಯ ಐದನೇ ಒಂದು ಭಾಗಕ್ಕಿಂತ ಕಮ್ಮಿ, ಅದರೊಳಗೆ 60 ಲಕ್ಷ ಜನ. ವ್ಯವಸಾಯಕ್ಕೆ ಅಂತ ಇರೋದು ಅದರಲ್ಲಿ ನೂರಕ್ಕೆ ಒಂದು ಭಾಗನೂ ಇಲ್ಲ. ತಿನ್ನೋದ್ರಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಹೊರಗಿಂದ ಬರ್ಬೇಕು, 180ಕ್ಕೂ ಹೆಚ್ಚು ದೇಶ, ಪ್ರದೇಶಗಳಿಂದ ತರಿಸ್ತಾರಂತೆ.

ಹುಡುಗನ ಫ್ಲಾಟ್ ಇರೋದು ಪುಂಗೋಲ್ ಅನ್ನೋ ಕಡೆ. ಹದಿನಾರನೇ ಮಹಡಿ ಬಾಲ್ಕನಿಯಲ್ಲಿ ನಿಂತು ಸುತ್ತ ನೋಡಿದ್ರೆ ಬರೀ ಬಿಲ್ಡಿಂಗು, ಟ್ರೇನು, ಕಾಲುವೆ ಪಕ್ಕ ಓಡೋ ಜನ. "ಮಾವ, ಇದೆಲ್ಲ ಹಂದಿ ಸಾಕ್ತಿದ್ದ ಜಾಗ" ಅಂದ. ತಮಾಷೆ ಅನ್ಕೊಂಡೆ. ಅಲ್ಲ, ನಿಜವಾಗ್ಲೂ ಇಲ್ಲಿ ಹಂದಿ ಫಾರ್ಮ್‌ಗಳಿದ್ವು, 1984ರಲ್ಲಿ ಸರ್ಕಾರ ಬೇಡ ಅಂತ ತೀರ್ಮಾನ ಮಾಡಿ, 1990ರ ಹೊತ್ತಿಗೆ ಎಲ್ಲಾ ಖಾಲಿ. ಜಾಗ ಕಮ್ಮಿ, ನೀರು ಕೆಡುತ್ತೆ, ಮಾಂಸ ಬೇಕಾದ್ರೆ ಕೊಂಡ್ಕೊಳ್ಳೋಣ ಅನ್ನೋ ಲೆಕ್ಕ. ಅಂದ್ರೆ ಈ ದೇಶಕ್ಕೆ ವ್ಯವಸಾಯ ಗೊತ್ತಿಲ್ದೇ ಅಲ್ಲ, ಇದ್ದಿದ್ದನ್ನ ಬೇಕಂತಲೇ ಬಿಟ್ಟು, ಈಗ ಮತ್ತೆ ಕಂಪ್ಯೂಟರ್ ಹಾಕ್ಕೊಂಡು ಶುರು ಮಾಡಿದ್ದಾರೆ.

ಸಂಜೆ ಹಾಲು ತರೋಕೆ ಅಂತ ಕೆಳಗಿನ ಸೂಪರ್‌ಮಾರ್ಕೆಟ್‌ಗೆ ಹೋದ್ವಿ, ನಾನು ತರಕಾರಿ ಕಡೆಯಿಂದ ಬರ್ಲೇ ಇಲ್ಲ. ಶಾವ್ ಬಾಯ್ ಚಾಯ್ ಅಂತ ಒಂದು ಚೈನೀಸ್ ಸೊಪ್ಪು, ದಪ್ಪ ಬಿಳಿ ದಂಟಿಂದು, ಮಲೇಷ್ಯಾದ್ದು ಕಾಲು ಕೆಜಿ ಪ್ಯಾಕೆಟ್ ಒಂದು ಡಾಲರ್ ಹತ್ತು ಸೆಂಟು. ಪಕ್ಕದಲ್ಲೇ ಅದೇ ಸೊಪ್ಪು, ಸಿಂಗಾಪುರದಲ್ಲೇ ಬೆಳೆದಿದ್ದು ಅಂತ ಸ್ಟಿಕರ್ ಹಾಕಿ, ಬೇರಿನ ತುಂಡು ಸಮೇತ, ಕೀಟನಾಶಕ ಇಲ್ಲ ಅಂತ ಬರೆದು, ಡಬಲ್‌ಗಿಂತ ಮೇಲೆ. ಸಿಂಗಾಪುರದ ಡಾಲರ್‌ಗೆ ಸುಮಾರು 70 ರೂಪಾಯಿ, ಲೆಕ್ಕ ನೀವೇ ಹಾಕ್ಕೊಳ್ಳಿ. ಹತ್ತು ನಿಮಿಷ ನಿಂತು ನೋಡ್ದೆ. ಬಂದೋರೆಲ್ಲ ಎರಡನ್ನೂ ಮುಟ್ಟಿ ಮಲೇಷ್ಯಾದ್ದನ್ನೇ ಬುಟ್ಟಿಗೆ ಹಾಕ್ಕೊಂಡು ಹೋದ್ರು. ನಮ್ಮ ಹುಡುಗನೂ ಅದನ್ನೇ ತಗೊಂಡ! "ಏನಪ್ಪ, ಫೋನಲ್ಲಿ ಅಷ್ಟೊಂದು ಹೊಗಳ್ತಿದ್ದೆ" ಅಂದ್ರೆ "ಮಾವ, ದಿನಾ ತಿನ್ನೋಕೆ ಆಗುತ್ತಾ" ಅಂತ ನಕ್ಕ.

ದಿನ 2

ಬೆಳಗ್ಗೆ ಲಿಟಲ್ ಇಂಡಿಯಾ. ಸೆರಂಗೂನ್ ರೋಡಲ್ಲಿ ಪೊಂಗಲ್ ಲೈಟ್ ಇನ್ನೂ ತೆಗೆದಿರ್ಲಿಲ್ಲ. ಟೆಕ್ಕಾ ಮಾರ್ಕೆಟಲ್ಲಿ ಕರಿಬೇವು, ನುಗ್ಗೆ, ಬಾಳೆಎಲೆ ಎಲ್ಲ ಸಿಗುತ್ತೆ, ಬೇಕಾದ್ರೆ ಅಲ್ಲೇ ದೋಸೆನೂ ತಿನ್ಬೋದು, ಇದ್ರ ಬಗ್ಗೆ ಎಲ್ರೂ ಬರ್ದಿದ್ದಾರೆ, ನಾನು ಬರೆಯಲ್ಲ.

ಮಧ್ಯಾಹ್ನ ಹೋಗಿದ್ದು ಪಾರ್ಕಿಂಗ್ ಬಿಲ್ಡಿಂಗ್ ಮೇಲಿನ ತೋಟಕ್ಕೆ. ಇಲ್ಲಿ ಜನ ಇರೋದು ಹೆಚ್ಚಾಗಿ ಸರ್ಕಾರಿ ಹೌಸಿಂಗ್ ಬೋರ್ಡ್ ಫ್ಲಾಟುಗಳಲ್ಲಿ, ಕಾರ್ ನಿಲ್ಲಿಸೋಕೆ ಪಕ್ಕದಲ್ಲೇ ಐದಾರು ಮಹಡಿ ಪಾರ್ಕಿಂಗ್ ಕಟ್ಟಡ, ಅದರ ತಾರಸಿಗೆ ಯಾರೂ ಕಾರ್ ಹತ್ತಿಸಲ್ಲ, ಬಿಸಿಲು. ಹಾಗಾಗಿ ಆ ತಾರಸಿಗಳನ್ನ ತೋಟಕ್ಕೆ ಕೊಡೋಣ ಅಂತ ಶುರುವಾಯ್ತು, ಆಂಗ್ ಮೊ ಕಿಯೊ ಅನ್ನೋ ಏರಿಯಾದಲ್ಲಿ ಮೊದಲನೇದು, 2020ರಿಂದ ಉಳಿದ ಕಡೆ ಟೆಂಡರ್ ಕರೆದ್ರು.

ನಾವು ಹೋದ ತಾರಸಿಯಲ್ಲಿ (ಎಲ್ಲಿ ಅಂತ ಹೇಳಲ್ಲ) ಅರ್ಧ ತೋಟ, ಅರ್ಧ ಖಾಲಿ ಫ್ರೇಮು. ತೋಟ ಇರೋ ಭಾಗದಲ್ಲಿ ಪೈಪಿನ ಮೇಲೆ ಪೈಪು, ಮೇಲೆ ನೆಟ್ಟು, ಮೂಲೆಯಲ್ಲಿ ಎರಡು ಟ್ಯಾಂಕು. ಅಲ್ಲಿದ್ದ ಹೆಂಗಸು ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಮೊದಲು ಆರು ಜನ ಇದ್ವಿ ಈಗ ಇಬ್ಬರು ಅಂದ್ರು. ಸೆನ್ಸರ್‌ಗಳನ್ನ ತೋರಿಸಿ ಅಂದ್ರೆ, ಡ್ರಾಯರ್ ತೆಗೆದು ಕೈಯಲ್ಲಿ ಹಿಡಿಯೋ ಪೆನ್ ತರದ ಇಸಿ ಮೀಟರ್ (ನೀರಲ್ಲಿ ಗೊಬ್ಬರದ ಉಪ್ಪು ಎಷ್ಟಿದೆ ಅಂತ ಅಳೆಯೋದು) ತೋರ್ಸಿದ್ರು, ನನ್ನ ಹತ್ರ ಇರೋ ಅದೇ ಪೆನ್ನು! ಗೋಡೆಯಲ್ಲಿದ್ದ ದೊಡ್ಡ ಸೆನ್ಸರು ಉಪ್ಪು ಕಟ್ಟಿ ತಪ್ಪು ತೋರಿಸ್ತಿತ್ತಂತೆ, ರಿಪೇರಿ ಹುಡುಗ ಬರೋಕೆ ಒಂದು ಸಲಕ್ಕೆ ಕೇಳೋ ದುಡ್ಡಲ್ಲಿ ಹೊಸ ಪೆನ್ ಮೂರು ಬರುತ್ತಂತೆ. ನನಗೆ ಮನಸ್ಸು ಯಾಕೋ ಹಗುರ ಆಯ್ತು, ಹೇಳ್ಕೋಬಾರ್ದು ಆದ್ರೂ ನಿಜ.

ದಿನ 3

ಇದೇ ಮುಖ್ಯ ದಿನ. ಹುಡುಗನ ಫ್ರೆಂಡ್ ಒಬ್ಬ ಒಂದು ಇನ್‌ಡೋರ್ ಫಾರ್ಮ್‌ಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಟ್ಟಿದ್ದ, ಅವನ ಮೂಲಕ ಒಳಗೆ ಬಿಟ್ರು. ಲಿಮ್ ಚೂ ಕಾಂಗ್ ಅಂತ, ವಾಯವ್ಯ ಮೂಲೆ. ಕ್ರಾಂಜಿವರೆಗೆ ಟ್ರೇನು, ಆಮೇಲೆ ಕಾರು. ಅಲ್ಲಿಗೆ ಹೋದ ಮೇಲೇ ಮೊದಲ ಸಲ ಮಣ್ಣಿನ ವಾಸನೆ ಬಂತು. ರಸ್ತೆ ಎರಡೂ ಕಡೆ ಮರ, ಒಂದು ಕಡೆ ಸ್ಮಶಾನ, ಇನ್ನೊಂದು ಕಡೆ ಮಿಲಿಟರಿ ಜಾಗ ಒಳಗೆ ಬರಬೇಡಿ ಅಂತ ಬೋರ್ಡು, ತಲೆ ಮೇಲೆ ಯುದ್ಧವಿಮಾನದ ಸದ್ದು. ಜಮೀನು ಯಾರ ಸ್ವಂತದ್ದೂ ಅಲ್ಲ, ಸರ್ಕಾರದ್ದು, ಟೆಂಡರಲ್ಲಿ 20 ವರ್ಷಕ್ಕೆ ಲೀಸು. ಅಪ್ಪ ಬಿಟ್ಟುಹೋದ ಹೊಲ ಅನ್ನೋ ಮಾತೇ ಇಲ್ಲ.

ಒಳಗೆ ಹೋಗೋ ಮುಂಚೆ ಚಪ್ಪಲಿ ಬಿಡಿಸಿ, ಬೂಟು ಹಾಕ್ಸಿ, ತಲೆಗೆ ಟೋಪಿ, ಕೈಗೆ ಗ್ಲೌಸು, ಗಾಳಿ ಊದೋ ಒಂದು ರೂಮಲ್ಲಿ ನಿಲ್ಲಿಸಿ, ಆಮೇಲೆ ಬಾಗಿಲು. ಆಪರೇಷನ್ ಥಿಯೇಟರ್ ತರ. ಬಾಗಿಲು ತೆಗೆದ್ರೆ ಮುಖಕ್ಕೆ ಹೊಡೆದಂಗೆ ಗುಲಾಬಿ ಬೆಳಕು. ಎಂಟು ಅಂತಸ್ತಿನ ರ‍್ಯಾಕು, ಗೋಡೌನ್ ಉದ್ದಕ್ಕೂ. ಹಸಿರು ಸೊಪ್ಪು ಆ ಬೆಳಕಲ್ಲಿ ಕಪ್ಪಗೆ ಕಾಣುತ್ತೆ, ನಿಜವಾದ ಬಣ್ಣ ನೋಡೋಕೆ ಫೋನ್ ಟಾರ್ಚ್ ಹಾಕ್ಬೇಕು. ಚಳಿ, 22 ಡಿಗ್ರಿ.

ಅಲ್ಲಿ ಕೆಲಸ ಮಾಡ್ತಿದ್ದವನು ಪುದುಕೋಟೈ ಕಡೆಯ ತಮಿಳು ಹುಡುಗ. ಕೋಲಾರದವರಿಗೆ ತಮಿಳು ತೆಲುಗು ಅರ್ಧಂಬರ್ಧ ಬಂದೇ ಬರುತ್ತಲ್ಲ, ಮ್ಯಾನೇಜರ್ ಇಂಗ್ಲಿಷಲ್ಲಿ ಪವರ್‌ಪಾಯಿಂಟ್ ಮಾತು ಹೇಳ್ತಿರ್ಬೇಕಾದ್ರೆ ನಾನು ಮೆಲ್ಲಗೆ ಈ ಹುಡುಗನ ಪಕ್ಕ ಸೇರ್ಕೊಂಡೆ.

ಅವನು ಒಂದು ಟ್ರೇ ಎಳೆದು ತೋರ್ಸಿದ. ಸ್ಪಂಜು, ಹೆಬ್ಬೆರಳಷ್ಟು ಚೌಕ ಚೌಕ ಕತ್ತರಿಸಿದ್ದು, ನಡುವೆ ಸೀಳು, ಸೀಳಲ್ಲಿ ಒಂದೇ ಒಂದು ಬೀಜ. ಎರಡು ದಿನ ಕತ್ತಲೆಯಲ್ಲಿ ಇಡ್ತಾರೆ, ಮೊಳಕೆ ಬಂದ್ಮೇಲೆ ನರ್ಸರಿ ರ‍್ಯಾಕಿಗೆ, ಹತ್ತು ಹನ್ನೆರಡು ದಿನ ಆದ್ಮೇಲೆ ದೊಡ್ಡ ರ‍್ಯಾಕಿಗೆ, ಬೀಜ ಹಾಕಿದ 32ನೇ ದಿನಕ್ಕೆ ಕಟಾವು. ಒಂದು ಗಿಡ ಎತ್ತಿ ತಿರುಗಿಸಿ ತೋರ್ಸಿದ, ಸ್ಪಂಜಿನ ಕೆಳಗೆ ಬೇರು ಬಿಳೀ ಗಡ್ಡದ ತರ ಇಳಿಬಿದ್ದಿದೆ, ಒಂದು ಕಂದು ಚುಕ್ಕೆ ಇಲ್ಲ. ನಮ್ಮಲ್ಲಿ ಇಂಥ ಬೇರು ನೋಡ್ಬೇಕು ಅಂದ್ರೆ ನರ್ಸರಿಯವನು ಫೋಟೋ ತೋರಿಸ್ಬೇಕಷ್ಟೇ. ಹುಳ ಇಲ್ಲ, ನುಸಿ ಇಲ್ಲ, ಬಿಳಿ ನೊಣ ಇಲ್ಲ. ನನ್ನ ಕ್ಯಾಪ್ಸಿಕಂಗೆ ಎಲೆ ರಸ ಹೀರೋ ಥ್ರಿಪ್ಸ್ ಹುಳ ಬಂದಾಗ ನಾನು ರಾತ್ರಿ ನಿದ್ದೆ ಮಾಡಲ್ಲ, ಈ ಹುಡುಗನಿಗೆ ಥ್ರಿಪ್ಸ್ ಅಂದ್ರೆ ಏನು ಅಂತ ನಾನು ವಿವರಿಸ್ಬೇಕಾಯ್ತು.

ಅವನ ಫೋನಲ್ಲಿ ಎಲ್ಲಾ ಇದೆ. ಯಾವ ರ‍್ಯಾಕು, ಇಸಿ 1.8, ಪಿಎಚ್ 5.9, ನೀರಿನ ಬಿಸಿ, ಲೈಟ್ ಎಷ್ಟು ಗಂಟೆ ಉರಿದಿದೆ, ಇನ್ನೆಷ್ಟು ದಿನಕ್ಕೆ ಕಟಾವು. ಇಸಿ ಇಳಿದ್ರೆ ಮಿಷಿನ್ನೇ ಗೊಬ್ಬರ ಬಿಡುತ್ತೆ. ಮೇಲೆ ಕ್ಯಾಮೆರಾ, ಎಲೆ ಎಷ್ಟು ಅಗಲ ಆಯ್ತು ಅಂತ ಅಳೆಯುತ್ತೆ. "ನೀನೇನು ಮಾಡ್ತೀಯ ಹಾಗಾದ್ರೆ" ಅಂದೆ. "ಟ್ರೇ ತೊಳೀತೀನಿ ಅಣ್ಣ" ಅಂದ. ಊರಲ್ಲಿ ಇವನದೇ ಎರಡು ಎಕರೆ ಇದೆಯಂತೆ, ಬೋರಲ್ಲಿ ನೀರು ನಿಂತು ಈಗ ಪೂರ್ತಿ ಜಾಲಿ ಬೆಳ್ಕೊಂಡಿದೆ. ಇಲ್ಲಿ ದಿನಕ್ಕೆ ಸಾವಿರಾರು ಸಸಿ ಕೈ ದಾಟಿ ಹೋಗುತ್ತೆ, ಅಲ್ಲಿ ಅಪ್ಪ ಜಾಲಿ ಕಡಿಸಿ ಇದ್ದಿಲು ಸುಡೋರಿಗೆ ಮಾರ್ತಾರೆ.

ಆಮೇಲೆ ನಾನು ಮ್ಯಾನೇಜರ್‌ಗೆ ಕೇಳಿದ್ದು ಒಂದೇ ಪ್ರಶ್ನೆ, ಕೆಜಿಗೆ ಎಷ್ಟು ಕರೆಂಟು. ಆಸಾಮಿ ಸ್ವಲ್ಪ ತಡೆದು, ಲೈಟು ಎಸಿ ಎಲ್ಲಾ ಸೇರಿ ಹತ್ತು ಯೂನಿಟ್ ಮೇಲೇ ಅಂದ್ಕೊಳ್ಳಿ ಅಂದ. ಮನೆಗೆ ಬರೋ ಕರೆಂಟಿನ ರೇಟು ಇಲ್ಲಿ ಯೂನಿಟ್‌ಗೆ 30 ಸೆಂಟಿನ ಆಸುಪಾಸು. ಫಾರ್ಮ್‌ಗೆ ಸ್ವಲ್ಪ ಕಮ್ಮಿ ಇರ್ಬೋದು, ಆದ್ರೂ ಮೂರು ಡಾಲರ್ ಹತ್ರ ಬರೀ ಕರೆಂಟಿಗೇ ಹೋಯ್ತು. ನಿನ್ನೆ ಮೊನ್ನೆ ಸೂಪರ್‌ಮಾರ್ಕೆಟಲ್ಲಿ ಮಲೇಷ್ಯಾ ಸೊಪ್ಪು ನೋಡಿದ್ನಲ್ಲ, ಅದು ಕೆಜಿಗೆ ನಾಲ್ಕೂವರೆ ಡಾಲರೂ ಇಲ್ಲ, ಅದೂ ಅಂಗಡಿಯವನ ಲಾಭ ಸೇರಿ. ಇಲ್ಲಿ ಕರೆಂಟೇ ಮೂರು, ಇನ್ನು ಬಾಡಿಗೆ, ಸಂಬಳ, ಬೀಜ, ಪ್ಯಾಕಿಂಗು, ಬ್ಯಾಂಕಿನ ಬಡ್ಡಿ. ಇದಕ್ಕೆ ಯಾವ ಆ್ಯಪೂ ಬೇಡ, ಕೋಲಾರದ ಮಂಡಿಯಲ್ಲಿ ಕೂತಿರೋ ಯಾವ ದಲ್ಲಾಳಿನಾದ್ರೂ ಕೇಳಿ, ಬೆರಳಲ್ಲಿ ಹೇಳ್ತಾನೆ.

ಇನ್ನೊಂದು ವಿಷಯ. ಈ ದೇಶದ ಕರೆಂಟು ಸುಮಾರು 95 ಪರ್ಸೆಂಟ್ ಗ್ಯಾಸಿಂದ ಬರೋದು, ಆ ಗ್ಯಾಸೂ ಹೊರಗಿಂದಲೇ ಬರೋದು. ಉಕ್ರೇನ್ ಯುದ್ಧ ಶುರುವಾಗಿ 2022ರಲ್ಲಿ ಗ್ಯಾಸ್ ರೇಟು ಏರ್ದಾಗ ಈ ಫಾರ್ಮ್‌ಗಳಿಗೆಲ್ಲ ಬಿತ್ತು ಏಟು. ಸೊಪ್ಪು ಆಮದು ಬೇಡ ಅಂತ ಬಿಸಿಲನ್ನ ಆಮದು ಮಾಡ್ಕೊಂಡಂಗಾಯ್ತು. ಹೊರಗೆ ಸಮಭಾಜಕದ ಬಿಸಿಲು ಧಾರಾಳವಾಗಿ ಬೀಳ್ತಿದೆ!

ದಿನ 4

ಬೆಳಗ್ಗೆಯಿಂದ ಮಳೆ. ಇಲ್ಲಿಗೆ ಈಶಾನ್ಯ ಮಾರುತದ ಕಾಲ. ಮನೆಯಲ್ಲೇ ಕೂತು ಹುಡುಗನ ಹತ್ರ ಸರ್ಕಾರದ ಕಥೆ ಕೇಳ್ದೆ, ಅವನು ಲ್ಯಾಪ್‌ಟಾಪಲ್ಲಿ ಹುಡುಕಿ ಹುಡುಕಿ ಓದಿ ಹೇಳ್ತಿದ್ದ.

2019ರಲ್ಲಿ ಆಹಾರಕ್ಕೇ ಅಂತ ಪ್ರತ್ಯೇಕ ಸಂಸ್ಥೆ ಮಾಡಿದ್ರು, ಸಿಂಗಾಪುರ್ ಫುಡ್ ಏಜೆನ್ಸಿ. ಅದೇ ವರ್ಷ '30 ಬೈ 30' ಅಂತ ಗುರಿ, 2030ಕ್ಕೆ ದೇಶದ ಪೌಷ್ಟಿಕ ಅಗತ್ಯದಲ್ಲಿ 30 ಪರ್ಸೆಂಟ್ ಇಲ್ಲೇ ಬೆಳೀಬೇಕು. ಮಾರನೇ ವರ್ಷನೇ ಕೋವಿಡ್ ಬಂತು, ಮಲೇಷ್ಯಾ ಗಡಿ ಮುಚ್ಚುತ್ತೆ ಅಂದ ರಾತ್ರಿ ಜನ ಅಂಗಡಿಗಳಿಗೆ ನುಗ್ಗಿದ್ರಂತೆ, ಹುಡುಗನ ಆಫೀಸಿನವರು ಈಗ್ಲೂ ಹೇಳ್ತಾರಂತೆ. ಆಗ ಸರ್ಕಾರ ಒಂಬತ್ತು ಫಾರ್ಮ್‌ಗಳಿಗೆ 3.94 ಕೋಟಿ ಡಾಲರ್ ಕೊಡ್ತು, ಬೇಗ ಬೆಳೀರಿ ಅಂತ. ಮುಂದಿನ ವರ್ಷ ಟೆಕ್ನಾಲಜಿ ಹಾಕೋರಿಗೆ ಆರು ಕೋಟಿ ಡಾಲರಿನ ಇನ್ನೊಂದು ಫಂಡು. ಜನರ ಮನೆಗಳಿಗೆ ಬೀಜದ ಪ್ಯಾಕೆಟ್ಟೇ ಕಳಿಸಿದ್ರಂತೆ, ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗೆ. 2022ರ ಜೂನಲ್ಲಿ ಮಲೇಷ್ಯಾ ಕೋಳಿ ಎಕ್ಸ್‌ಪೋರ್ಟ್ ನಿಲ್ಲಿಸಿದಾಗ ಇವರ ಊಟ ಚಿಕನ್ ರೈಸಿಗೇ ಪರದಾಟ. ಹಾಗಾಗಿ ಭಯ ಸುಳ್ಳಲ್ಲ.

ಆದ್ರೆ 2023ರ ಲೆಕ್ಕ ನೋಡಿ, ಜನ ತಿಂದ ತರಕಾರಿಯಲ್ಲಿ ಇಲ್ಲೇ ಬೆಳೆದಿದ್ದು 3.2 ಪರ್ಸೆಂಟು. ಮೀನು 7.3. ಮೊಟ್ಟೆ ಮಾತ್ರ 31.9. ಕೊನೆಗೆ 2025ರ ನವೆಂಬರಲ್ಲಿ ಮಂತ್ರಿ ಗ್ರೇಸ್ ಫೂ ಆ 30 ಬೈ 30 ಗುರಿಯನ್ನ ಬಿಟ್ಟು ಹೊಸದು ಹೇಳಿದ್ರು, 2035ಕ್ಕೆ ನಾರಿನ ಪದಾರ್ಥ 20 ಪರ್ಸೆಂಟು, ಪ್ರೋಟೀನ್ 30 ಪರ್ಸೆಂಟು. ನಾರು ಅಂದ್ರೆ ತರಕಾರಿ ಜೊತೆ ಮೊಳಕೆ ಕಾಳು, ಅಣಬೆನೂ ಸೇರಿಸ್ಕೊಂಡಿದ್ದಾರೆ. ನಮ್ಮಲ್ಲಾದ್ರೆ ಹಳೇ ಗುರಿ ಬಗ್ಗೆ ಯಾರೂ ಮಾತೇ ಎತ್ತಲ್ಲ, ಇವರು ಆಗಲ್ಲ ಅಂತ ಮೈಕಲ್ಲಿ ಹೇಳಿದ್ರಲ್ಲ, ಅದಕ್ಕೆ ನಾನು ಮಾರ್ಕ್ಸ್ ಕೊಡ್ತೀನಿ.

ಮೊಟ್ಟೆ ಯಾಕೆ ಗೆದ್ದಿದೆ ಅಂತ ಹುಡುಗ ಕೇಳ್ದ. ನನಗನ್ಸೋದು ಇಷ್ಟು. ಇಡೀ ದೇಶಕ್ಕೆ ಇರೋದು ಮೂರೇ ದೊಡ್ಡ ಮೊಟ್ಟೆಕೋಳಿ ಫಾರ್ಮು, ತಂಪು ಮಾಡೋದು, ಮೇವು ಹಾಕೋದು, ಮೊಟ್ಟೆ ತೂಗಿ ಬೇರೆ ಮಾಡೋದು ಎಲ್ಲ ಮಿಷಿನ್ನು, ಕೋಳಿಗೆ ಸೊಪ್ಪಿನ ತರ ಗುಲಾಬಿ ಲೈಟೂ ಬೇಕಿಲ್ಲ, ಮತ್ತೆ ಮೊಟ್ಟೆ ಒಡೆಯೋ ಮಾಲು, ದೂರದಿಂದ ತರೋದಕ್ಕಿಂತ ಹತ್ರದ್ದೇ ವಾಸಿ. ಸೊಪ್ಪಿಗೆ ಮಲೇಷ್ಯಾ ಗಡಿ ಒಂದು ಸೇತುವೆ ದೂರ, ಅಲ್ಲೇ ಇರೋದು ಸಮಸ್ಯೆ.

ಸಂಜೆ ಮಳೆ ನಿಂತ್ಮೇಲೆ ಗಾರ್ಡನ್ಸ್ ಬೈ ದ ಬೇ. ಫೋಟೋ ತೆಗೆದ್ವಿ, ಕಾಲು ನೋವು. ಕುಡಿಯೋ ನೀರಿನ ವಿಷಯ ಬಂದಾಗ ನ್ಯೂವಾಟರ್ ಬಗ್ಗೆ ಹೇಳ್ದ, 2003ರಿಂದ ಕೊಳಚೆ ನೀರನ್ನ ಮೂರು ಹಂತದಲ್ಲಿ ಶುದ್ಧ ಮಾಡಿ ಫ್ಯಾಕ್ಟರಿಗಳಿಗೆ, ಜಲಾಶಯಕ್ಕೂ ಬಿಡ್ತಾರಂತೆ. ನಮಗೂ ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿದ ಕೆ.ಸಿ. ವ್ಯಾಲಿ ನೀರು ಕೆರೆಗೆ ಬರುತ್ತಲ್ಲ, ಮೂರನೇ ಹಂತ ಮಾಡ್ರಪ್ಪ ಅಂತ ನಾವು ಇನ್ನೂ ಕೇಳ್ತಾನೇ ಇದ್ದೀವಿ. ಈ ಒಂದು ವಿಷಯದಲ್ಲಿ ನನಗೆ ನಿಜವಾಗ್ಲೂ ಹೊಟ್ಟೆಕಿಚ್ಚಾಯ್ತು.

ದಿನ 5

ಚಾಂಗಿ ಪಾಯಿಂಟಿಂದ ಪುಲಾವ್ ಉಬಿನ್ ದ್ವೀಪಕ್ಕೆ ದೋಣಿ. ಹನ್ನೆರಡು ಜನ ಸೇರೋವರೆಗೂ ಹೊರಡಲ್ಲ, ತಲೆಗೆ ನಾಲ್ಕು ಡಾಲರ್, ಪಕ್ಕಾ ನಮ್ಮ ಶೇರ್ ಆಟೋ ಪದ್ಧತಿ. ನೀರಿನ ಆಚೆ ಕಾಣೋದೇ ಮಲೇಷ್ಯಾ. ನಡುವಿನ ಜೊಹೊರ್ ಜಲಸಂಧಿಯಲ್ಲಿ ತೇಲೋ ಮೀನಿನ ಫಾರ್ಮ್‌ಗಳು, ಹಲಗೆ, ಡ್ರಮ್ಮು, ಬಲೆ, ಒಂದು ಶೆಡ್ಡು, ಕಾಯೋಕೆ ನಾಯಿ. ಅವುಗಳ ನಡುವೆ ಒಂದೆರಡು ಹೊಸ ತರದ್ದು, ಮುಚ್ಚಿದ ಟ್ಯಾಂಕಲ್ಲಿ ನೀರು ಶುದ್ಧ ಮಾಡಿ ಬಿಡೋದು, ಆಮ್ಲಜನಕ ಅಳೆಯೋ ಸೆನ್ಸರು, ಮೀನಿನ ಸೈಜು ನೋಡೋ ಕ್ಯಾಮೆರಾ.

ಯಾಕೆ ಬೇಕಾಯ್ತು ಅಂದ್ರೆ 2014, 2015ರಲ್ಲಿ ಎರಡು ವರ್ಷ ಸಾಲಾಗಿ ನೀರಲ್ಲಿ ಪಾಚಿ ತರದ ಪ್ಲಾಂಕ್ಟನ್ ಉಕ್ಕಿ ನೂರಾರು ಟನ್ ಮೀನು ಸತ್ತು ತೇಲಿದ್ವು. ರಾತ್ರಿ ಮಲಗೋವಾಗ ಇದ್ದ ಮೀನು ಬೆಳಗ್ಗೆ ಬೆಳ್ಳಗೆ ಮಗುಚಿಕೊಂಡಿರೋದು. ಈ ತರ ಆಪತ್ತಿಗೆ ಸೆನ್ಸರ್ ಬೇಕು ಅಂದ್ರೆ ನಾನು ಒಪ್ತೀನಿ. ಆಮ್ಲಜನಕ ಇಳೀತಿದೆ ಅಂತ ರಾತ್ರಿ ಎರಡು ಗಂಟೆಗೆ ಫೋನ್ ಕೂಗಿದ್ರೆ ಅದರಿಂದ ಪೂರ್ತಿ ಒಂದು ಬೆಳೆ ಉಳಿಯುತ್ತೆ, ಎಲೆ ಅಗಲ ಅಳೆಯೋ ಕ್ಯಾಮೆರಾದಿಂದ ಏನು ಉಳಿಯುತ್ತೋ ನನಗೆ ಗೊತ್ತಾಗ್ಲಿಲ್ಲ.

ಉಬಿನ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ಸುತ್ತಿದ್ವಿ. ಹಲಸಿನ ಮರ ಇದೆ, ಕಾಡುಹಂದಿ ಇದೆ. ಹುಡುಗ ಬಿದ್ದ, ಮಂಡಿ ತರಚ್ಕೊಂಡ.

ದಿನ 6

ಮಧ್ಯರಾತ್ರಿ ಮೀರಿ ಎರಡು ಗಂಟೆಗೆ ಪಸಿರ್ ಪಂಜಾಂಗ್ ಹೋಲ್‌ಸೇಲ್ ಮಾರ್ಕೆಟ್ಟು. ಹುಡುಗ "ಮಾವ, ಟೂರಿಸ್ಟ್‌ಗಳು ಯಾರೂ ಅಲ್ಲಿಗೆ ಹೋಗಲ್ಲ" ಅಂತ ಗೊಣಗ್ಕೊಂಡೇ ಬಂದ. ಟ್ಯಾಕ್ಸಿ ಇಳಿದ ತಕ್ಷಣ ನನಗೆ ಊರಿಗೆ ಬಂದಂಗಾಯ್ತು. ಲಾರಿ ರಿವರ್ಸ್ ಸದ್ದು, ಟ್ರಾಲಿ ತಳ್ಳೋರ ಕೂಗಾಟ, ಒದ್ದೆ ನೆಲ, ಕೊಳೆತ ಎಲೆಕೋಸಿನ ವಾಸನೆ. ಮಲೇಷ್ಯಾದ ಕ್ಯಾಮರಾನ್ ಹೈಲ್ಯಾಂಡ್ಸಿಂದ ಬಂದ ಸೊಪ್ಪು, ಟೊಮೇಟೊ, ಕೋಸು. ಅದು ನಮ್ಮ ಊಟಿ ತರದ ಬೆಟ್ಟ, ಸಂಜೆ ಲೋಡ್ ಮಾಡಿದ್ರೆ ರಾತ್ರಿ ಗಡಿ ದಾಟಿ ಇಲ್ಲಿ. ದಿನ 3ರಲ್ಲಿ ನೋಡಿದ ಗುಲಾಬಿ ಲೈಟಿನ ಮಾಲು ಇಲ್ಲಿ ಒಂದು ಬಾಕ್ಸೂ ಕಾಣ್ಲಿಲ್ಲ.

ಒಂದು ಅಂಗಡಿಯ ಮುದುಕನ ಹತ್ರ ನಿಂತು ಟೊಮೇಟೊ ಎತ್ತಿ ಒತ್ತಿ ನೋಡ್ದೆ. ಚೆನ್ನಾಗಿ ಗಟ್ಟಿ ಇತ್ತು, ಆದ್ರೆ ಸೈಜು ಬೆರಕೆ, ಕೆಳಗೆ ಸಣ್ಣದು ಮೇಲೆ ದೊಡ್ಡದು, ಎಲ್ಲಾ ದೇಶದಲ್ಲೂ ಇದೇ ಕಳ್ಳತನ. ನಾನು ಕೆಳಗಿನದು ತೆಗೆದು ತೋರ್ಸಿದ್ದಕ್ಕೆ ಮುದುಕ ಜೋರಾಗಿ ನಕ್ಕ, ಫಾರ್ಮರಾ ಅಂತ ಕೇಳ್ದ. ಹುಡುಗ "ಅಂಕಲ್, ಇವರದು ಇಂಡಿಯಾದಲ್ಲಿ ಟೊಮೇಟೊ ತೋಟ" ಅಂದ. ಇಲ್ಲಿ ವಯಸ್ಸಾದವರನ್ನೆಲ್ಲ ಅಂಕಲ್ ಅಂತಲೇ ಕರೀತಾರೆ. ಇಲ್ಲಿನ ಇನ್‌ಡೋರ್ ಫಾರ್ಮ್ ಮಾಲು ಯಾಕೆ ಇಡಲ್ಲ ಅಂತ ಕೇಳಿಸ್ದೆ. ಮುದುಕ ಕ್ಯಾಲ್ಕುಲೇಟರ್ ತೆಗೆದು ಏನೋ ಒತ್ತಿ ಹುಡುಗನ ಮುಖದ ಹತ್ರ ಹಿಡಿದ, ಆಮೇಲೆ ಅದನ್ನ ಅಳಿಸಿ ಇನ್ನೊಂದು ಒತ್ತಿ ಹಿಡಿದ. ಮಾತೇ ಆಡ್ಲಿಲ್ಲ. ಮೊದಲನೇದು ಇನ್‌ಡೋರ್ ಫಾರ್ಮಿನವರ ರೇಟು, ಎರಡನೇದು ಹಾಕರ್ ಅನ್ನೋ ಸಣ್ಣ ಊಟದಂಗಡಿಯವನು ಇವನಿಗೆ ಕೊಡೋ ರೇಟು.

ಅಲ್ಲಿಂದಲೇ ಬೆಳಗಿನ ಫ್ಲೈಟಿಗೆ ಚಾಂಗಿಗೆ ಹೊರಟ್ವಿ. ಗೇಟಿನ ಹತ್ರ ಕೂತಿದ್ದಾಗ ನನ್ನ ಫೋನ್ ಕೂಗ್ತು. ನೋಡಿದ್ರೆ ನನ್ನ ಪಾಲಿಹೌಸಿನ ಆಟೋಮೇಷನ್! ಐದು ತಿಂಗಳಾದ್ಮೇಲೆ ಮೊದಲ ಮೆಸೇಜು, 'ವಾಲ್ವ್ 3, ಪ್ರೆಷರ್ ಕಡಿಮೆ' ಅಂತ. ಗಾಬರಿಯಾಗಿ ತಮ್ಮನಿಗೆ ಫೋನ್ ಮಾಡ್ದೆ, ಊರಲ್ಲಿ ಆಗ ಬೆಳಗಿನ ಜಾವ.

"ಲೋ, ಮೂರನೇ ವಾಲ್ವ್ ನೋಡೋ, ಪ್ರೆಷರ್ ಇಲ್ವಂತೆ."

"ಕರೆಂಟೇ ಇಲ್ಲ ಅಣ್ಣ" ಅಂದ, ನಿದ್ದೆಗಣ್ಣಲ್ಲಿ. "ನಿನ್ನೆ ರಾತ್ರಿಯಿಂದ ಹೋಗಿದೆ. ನಿಂಗೆ ಅಲ್ಲಿಗೆ ಹೆಂಗ್ ಗೊತ್ತಾಯ್ತು?"